ದುಬಾರಿ ಮದರ್‌ಬೋರ್ಡ್ ಹಾಕಿದರೆ ಗೇಮ್ ಜೋರಾಗಿ ಓಡುತ್ತಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ಅಪ್ಪ ಜೀನ್ಸ್ ಹೊಲಿಯುತ್ತಾರೆ. ರಜೆಯಲ್ಲಿ ನಾನೂ ಅಲ್ಲೇ ದುಡಿದು ಕೂಡಿಟ್ಟಿದ್ದು, ಅಪ್ಪ ಕೊಟ್ಟಿದ್ದು ಸೇರಿ 90 ಸಾವಿರ ಆಗಿದೆ. ಗೇಮಿಂಗ್ ಪಿಸಿಯನ್ನು ನನ್ನ ಕೈಯಾರೆ ಜೋಡಿಸುವ ಆಸೆ. ಪ್ರೊಸೆಸರ್ ರೈಜನ್ 5 9600ಎಕ್ಸ್ ಅಂತ ನಿರ್ಧಾರವಾಗಿದೆ. ಮದರ್‌ಬೋರ್ಡ್ ವಿಷಯದಲ್ಲೇ ಗೊಂದಲ. ಅಂಗಡಿಯಲ್ಲಿ ಎಕ್ಸ್870 ಬೋರ್ಡಿಗೆ 28 ಸಾವಿರ ಹೇಳಿದರು, ಬಿ650 ಬೋರ್ಡಿಗೆ 13 ಸಾವಿರ. ‘ಬೋರ್ಡ್ ದೊಡ್ಡದು ತಗೋ, ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಚಿಕ್ಕದು ಸಾಕು’ ಅಂತಾರೆ. ಏನು ಮಾಡಲಿ?
— ಒಬ್ಬ ವಿದ್ಯಾರ್ಥಿ, ಕೌಲ್ ಬಜಾರ್, ಬಳ್ಳಾರಿ

ಉತ್ತರ: ತಮ್ಮಾ, 28 ಸಾವಿರದ ಬೋರ್ಡ್ ಬೇಡ. ಉಳಿಯುವ 15 ಸಾವಿರವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕು. ಗೇಮ್‌ನಲ್ಲಿ ಫ್ರೇಮ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳನ್ನು ಹೆಚ್ಚಿಸುವುದು ಮೊದಲು ಆ ಕಾರ್ಡ್, ಆಮೇಲೆ ಪ್ರೊಸೆಸರ್. ಅವೆರಡೂ ಅವೇ ಇದ್ದರೆ ಬೋರ್ಡ್ ಬದಲಾಯಿಸಿದ ಮಾತ್ರಕ್ಕೆ ಆಟದಲ್ಲಿ ಗೊತ್ತಾಗುವಂಥ ವ್ಯತ್ಯಾಸ ಬರುವುದಿಲ್ಲ. ಎಕ್ಸ್870ರಲ್ಲಿ ಯುಎಸ್‌ಬಿ 4 ಎಂಬ ವೇಗದ ಪೋರ್ಟ್ ಇದೆ, ಗ್ರಾಫಿಕ್ಸ್ ಕಾರ್ಡ್ ಕೂರುವ ಸ್ಲಾಟ್ ಪಿಸಿಐಇ 5.0, ಅಂದರೆ ಹೊಸ ತಲೆಮಾರಿನದು. ನಿನ್ನ ಬಜೆಟ್ಟಿನ ಕಾರ್ಡಿಗೆ ಹಿಂದಿನ ತಲೆಮಾರಿನ 4.0 ಸಾಕು. ಅಪ್ಪ ದಿನವಿಡೀ ಮಷಿನ್ ಮುಂದೆ ಕೂತು ದುಡಿದ ದುಡ್ಡು ಸುಮ್ನೆ ಖಾಲಿ ಪೋರ್ಟುಗಳಿಗೆ ಹೋಗಬಾರದು.

ಹಾಗಂತ ಇದ್ದದ್ದರಲ್ಲೇ ಅಗ್ಗದ ಬೋರ್ಡಿಗೂ ಕೈ ಹಾಕಬೇಡ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಪಕ್ಕದಲ್ಲಿ ವಿಆರ್‌ಎಂ ಅಂತ ಒಂದು ಭಾಗ ಇರುತ್ತದೆ. ಪವರ್ ಸಪ್ಲೈನಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದಷ್ಟಕ್ಕೆ, ಅಂದರೆ ಸುಮಾರು 1 ವೋಲ್ಟಿಗೆ ಇಳಿಸುವುದು ಅದರ ಕೆಲಸ. ಆ ಕೆಲಸದಲ್ಲಿ ಅದು ಬಿಸಿಯಾಗುತ್ತದೆ. ಬಳ್ಳಾರಿಯಲ್ಲೂ ನಮ್ಮ ರಾಯಚೂರಿನಲ್ಲೂ ಬೇಸಿಗೆ ಬಂತೆಂದರೆ ಹೊರಗೇ 40 ಡಿಗ್ರಿ ದಾಟಿರುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ, ಮುಚ್ಚಿದ ಕೇಸ್ ಒಳಗೆ ಹೇಗಿರಬೇಡ!

ನನ್ನ ರಿಪೇರಿ ಟೇಬಲ್ಲಿಗೆ ಗಿಣಿಗೇರಾ ಕಡೆಯಿಂದ ಒಂದು ಪಿಸಿ ಬಂದಿತ್ತು. ಗೇಮ್ ಶುರುವಿನಲ್ಲಿ ಸಲೀಸಾಗಿ ಓಡುತ್ತದೆ, ಅರ್ಧ ಗಂಟೆಗೆಲ್ಲ ತಡವರಿಸುತ್ತದೆ ಅಂತ ದೂರು. ಬಿಚ್ಚಿ ನೋಡಿದರೆ ವಿಆರ್‌ಎಂ ಮೇಲೆ ಬಿಸಿ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕೇ ಇಲ್ಲ. ಬರಿ ಚಿಪ್ಪುಗಳ ಮೇಲೆ ಕಪ್ಪು ಧೂಳು ಅಂಟಿತ್ತು, ಬೆರಳಿಟ್ಟರೆ ಮಸಿಯಂತೆ ಬರುತ್ತಿತ್ತು. ವಿಆರ್‌ಎಂ ವಿಪರೀತ ಕಾದಾಗ ಬೋರ್ಡ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರ್ ವೇಗ ತಗ್ಗಿಸುತ್ತದೆ, ಆಟ ಕುಂಟುತ್ತದೆ. ಬ್ಲೋವರ್ ಹಿಡಿದು, ಬ್ರಷ್ ಆಡಿಸಿ, ಅತ್ತ ಗಾಳಿ ಬೀಸುವಂತೆ ಒಂದು ಫ್ಯಾನ್ ಕೂರಿಸಿದ ಮೇಲೆ ಸುಧಾರಿಸಿತು. ನಿಮ್ಮ ಊರಿನ ಸುತ್ತಲೂ ಅದಿರು, ಉಕ್ಕು, ಸ್ಪಾಂಜ್ ಐರನ್ ಧೂಳೇ ಅಲ್ವಾ? ಅದಕ್ಕೇ ವಿಆರ್‌ಎಂ ಮೇಲೆ ದಪ್ಪ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರುವ ಬೋರ್ಡನ್ನೇ ಕೇಳು. ಬಣ್ಣದ ದೀಪ ಇಲ್ಲದಿದ್ದರೂ ಪರವಾಗಿಲ್ಲ. 9600ಎಕ್ಸ್ 65 ವ್ಯಾಟಿನ ಪ್ರೊಸೆಸರ್, ಅಂಥ ಬಿ650 ಬೋರ್ಡ್ ಅದಕ್ಕೆ ಧಾರಾಳವಾಯಿತು. ಅಂದ ಹಾಗೆ, ಈ ಪ್ರೊಸೆಸರಿನ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. ಅದಕ್ಕೂ ದುಡ್ಡು ತೆಗೆದಿಡು.

ಒಂದು ತೊಡಕಿದೆ. ಬಿ650 ಬಂದಿದ್ದು 2022ರಲ್ಲಿ, ನಿನ್ನ ಪ್ರೊಸೆಸರ್ 2024ರಲ್ಲಿ. ಅಂಗಡಿಯಲ್ಲಿ ಹಳೇ ಸ್ಟಾಕ್ ಇದ್ದರೆ ಬಯಾಸ್ (ಆನ್ ಮಾಡಿದೊಡನೆ ಬೋರ್ಡನ್ನು ನಡೆಸುವ ಸಾಫ್ಟ್‌ವೇರ್) ಅಪ್‌ಡೇಟ್ ಆಗುವವರೆಗೆ ಬೋರ್ಡ್ ಈ ಪ್ರೊಸೆಸರನ್ನು ಗುರುತಿಸದೇ ಇರಬಹುದು. ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವುದನ್ನು ಆರಿಸಿಕೋ. ಪೆನ್‌ಡ್ರೈವ್ ಹಾಕಿ ಆ ಬಟನ್ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಆಗುತ್ತದೆ. ಬಿ650ರ ನಂತರ ಬಂದ ಬಿ850 ಬೋರ್ಡ್ ಒಂದೆರಡು ಸಾವಿರ ಹೆಚ್ಚಿಗೆ ಸಿಕ್ಕರೆ ಅದನ್ನೇ ತಗೋ, ಈ ತಾಪತ್ರಯವೇ ಇರುವುದಿಲ್ಲ. ಎರಡೂ ಎಎಂ5 ಎಂಬ ಒಂದೇ ಬಗೆಯ ಸಾಕೆಟ್ಟಿನವು, ಮುಂದೆ ಪ್ರೊಸೆಸರ್ ಮಾತ್ರ ಬದಲಾಯಿಸಿಕೊಳ್ಳಲು ದಾರಿ ಇದೆ. ರ‍್ಯಾಮ್ ಡಿಡಿಆರ್5 ಮಾತ್ರ ಹಿಡಿಯುತ್ತದೆ. ಗೆಳೆಯರ ಹಳೇ ಡಿಡಿಆರ್4 ಪುಕ್ಕಟೆ ಸಿಕ್ಕರೂ ಇದಕ್ಕೆ ಕೂರುವುದಿಲ್ಲ.

ದುಡ್ಡು ಕೊಡುವ ಮೊದಲು ಕೌಂಟರಿನಲ್ಲೇ ಡಬ್ಬಿ ಬಿಚ್ಚಿಸು. ಎಎಂ5ರಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲಿಲ್ಲ, ಬೋರ್ಡಿನ ಸಾಕೆಟ್ಟಿನಲ್ಲಿವೆ, ಒಟ್ಟು 1718. ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡು. ಎಲ್ಲ ಪಿನ್ನೂ ಒಂದೇ ಸಮ ಹೊಳೆಯಬೇಕು. ಒಂದು ಕಡೆ ಸಾಲು ತಪ್ಪಿದಂತೆ ಕಂಡರೂ ಬೇರೆ ಪೀಸ್ ಕೇಳು. ಬಗ್ಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ, ಮನೆಗೆ ತಂದ ಮೇಲೆ ಯಾರು ಬಗ್ಗಿಸಿದ್ದು ಅಂತ ವಾದ ಶುರುವಾಗುತ್ತದೆ. ಆ ಮುಚ್ಚಳ ಎಸೆಯಬೇಡ, ವಾರಂಟಿಗೆ ಕಳಿಸುವಾಗ ಕೇಳುತ್ತಾರೆ.

ನಾಲ್ಕು ಸ್ಲಾಟ್ ಇದ್ದರೆ ಎರಡು ರ‍್ಯಾಮ್ ಪಟ್ಟಿಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಲಾಟಿಗೆ ಹಾಕು. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ಆಗ ರ‍್ಯಾಮ್ ಹೊಂದಿಸಿಕೊಳ್ಳುತ್ತಿರುತ್ತದೆ. ಹೆದರಿ ಸ್ವಿಚ್ ಆರಿಸಬೇಡ. ಆಮೇಲೆ ಬಯಾಸ್‌ಗೆ ಹೋಗಿ ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಪೋ ಅನ್ನುವ ಆಯ್ಕೆ ಆನ್ ಮಾಡು, ಇಲ್ಲದಿದ್ದರೆ 6000 ಅಂತ ಕೊಂಡ ರ‍್ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ.

ಇಷ್ಟೆಲ್ಲ ತರುವ ಮೊದಲು ಮನೆಯ ಪ್ಲಗ್ ಪಾಯಿಂಟಿಗೆ ಅರ್ತಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸು. ಬರಿಗಾಲಲ್ಲಿ ನಿಂತು ಕೇಸ್ ಮುಟ್ಟಿದಾಗ ಜುಮ್ ಅನ್ನುವ ಪಿಸಿಗಳು ನನ್ನ ಹತ್ತಿರ ಬಹಳ ಬರುತ್ತವೆ. ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಅರ್ತಿಂಗ್ ವೈರ್ ಎಳೆದಿರುವುದೇ ಇಲ್ಲ. ಮೊದಲು ಅದನ್ನು ಸರಿ ಮಾಡಿಸು, ಒಂದು ಯುಪಿಎಸ್‌ಗೂ ದುಡ್ಡು ಹೊಂದಿಸಿಕೋ. ಆಮೇಲೆ ಬೋರ್ಡ್ ಕೊಳ್ಳಲು ಹೋಗು.