ಅಮ್ಮನಿಲ್ಲದ ಊರಿನಲ್ಲಿ ಬಾಣಂತನ

ಪ್ರಶ್ನೆ: ನನಗೆ 31 ವರ್ಷ. ಗಂಡನೊಂದಿಗೆ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇನೆ, ಇಬ್ಬರೂ ಕೆಲಸದಲ್ಲಿದ್ದೇವೆ. ಚೊಚ್ಚಲ ಬಸುರಿ, ಈಗ 18 ವಾರ. ಇಲ್ಲಿ ನನ್ನನ್ನು ನೋಡುವುದು ವೈದ್ಯರಲ್ಲ, ಸೂಲಗಿತ್ತಿ. ‘ಮನೆಯಲ್ಲೇ ಹೆರುತ್ತೀರಾ?’ ಎಂದು ಆಕೆ ಕೇಳಿದಾಗ ನನ್ನ ಕೈಕಾಲು ತಣ್ಣಗಾಯಿತು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಅಮ್ಮ ದಿನವೂ ಅಳುತ್ತಾರೆ. ಗಂಡ ಇಲ್ಲೇ ಇರು ಎನ್ನುತ್ತಾರೆ. ಅತ್ತೆಯವರು, ‘ಅಲ್ಲಿ 12 ವರ್ಷಕ್ಕೇ ಮಕ್ಕಳನ್ನು ಜಾಣರು, ದಡ್ಡರು ಎಂದು ಬೇರೆ ಮಾಡುತ್ತಾರಂತೆ, ಮಗು ಹುಟ್ಟುವ ಮೊದಲೇ ಬೆಂಗಳೂರಿಗೆ ಬಂದುಬಿಡಿ’ ಎನ್ನುತ್ತಿದ್ದಾರೆ. ಅಮ್ಮ ಪಕ್ಕದಲ್ಲಿಲ್ಲದೆ ಬಾಣಂತಿಯಾಗುವುದು ಹೇಗೆಂದೇ ನನಗೆ ತಿಳಿಯುತ್ತಿಲ್ಲ. ಏನು ಮಾಡಲಿ?

ಉತ್ತರ: ಪ್ರೀತಿಯ ತಂಗಿ, ನಿಮ್ಮ ಪತ್ರದಲ್ಲಿ ಅಮ್ಮನ ಮಾತಿದೆ, ಗಂಡನ ಮಾತಿದೆ, ಅತ್ತೆಯ ಮಾತಿದೆ. ನಿಮ್ಮದೇ ಮಾತು ಕೊನೆಯಲ್ಲಿದೆ: ಅಮ್ಮ ಬೇಕು. ಹಾಗಿದ್ದರೆ ಅಮ್ಮನನ್ನೇ ಅಲ್ಲಿಗೆ ಕರೆಸಿಕೊಳ್ಳಿ. ಸಂದರ್ಶಕರ ವೀಸಾದಲ್ಲಿ ಅವರಿಗೆ ಸಿಗುವುದು ಹೆಚ್ಚೆಂದರೆ 90 ದಿನ. ಏಳನೆಯ ತಿಂಗಳಿಗೇ ಕರೆಸಿ ಆ ದಿನಗಳನ್ನು ಕಳೆಯಬೇಡಿ. 38ನೇ ವಾರಕ್ಕೆ ಬಂದಿಳಿದರೆ ಹೆರಿಗೆಗೂ ಇರುತ್ತಾರೆ, ಆಮೇಲೆ ಎರಡು ತಿಂಗಳಿಗೂ ಮಿಕ್ಕಿ ನಿಮ್ಮ ಬಳಿ ಇರುತ್ತಾರೆ.

ಸೂಲಗಿತ್ತಿ ಎಂದ ಕೂಡಲೇ ಏಕೆ ಇಷ್ಟು ಭಯ? ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಇಡೀ ನಾಡು ಹೆಮ್ಮೆಪಟ್ಟಿತು. ನಿಮ್ಮನ್ನು ನೋಡುತ್ತಿರುವಾಕೆ ಅದೇ ವಿದ್ಯೆಯನ್ನು ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿತು ಬಂದವರು. ತೊಡಕು ಕಂಡರೆ ಅವರೇ ನಿಮ್ಮನ್ನು ತಜ್ಞ ವೈದ್ಯರ ಬಳಿಗೆ ಕಳುಹಿಸುತ್ತಾರೆ. ಮನೆಯಲ್ಲಿ ಹೆರುವುದು ಅಲ್ಲಿ ಒಂದು ಆಯ್ಕೆ ಮಾತ್ರ, ಕಡ್ಡಾಯವಲ್ಲ. ಆಸ್ಪತ್ರೆಯೇ ಬೇಕೆನಿಸಿದರೆ ಹಾಗೆಂದು ಬಾಯಿಬಿಟ್ಟು ಹೇಳಿ. ಬೆನ್ನಿಗೆ ಕೊಡುವ ನೋವು ನಿವಾರಕ ಚುಚ್ಚುಮದ್ದು ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ ಎಂಬುದೂ ಗೊತ್ತಿರಲಿ. ನೋವನ್ನು ಸಹಿಸಿ ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ.

ಇನ್ನು ಬಾಣಂತನ. ಈ ವಿಷಯದಲ್ಲಿ ಡಚ್ಚರು ನಮಗೆ ಹತ್ತಿರದವರು. ಹೆರಿಗೆಯಾದ ಮೇಲೆ ಸುಮಾರು ಎಂಟು ದಿನ ತರಬೇತಾದ ಶುಶ್ರೂಷಕಿ ದಿನವೂ ಕೆಲವು ಗಂಟೆ ಮನೆಗೇ ಬರುತ್ತಾರೆ. ಕ್ರಾಮ್‌ಜೋರ್ಗ್ ಎನ್ನುತ್ತಾರೆ ಅದಕ್ಕೆ. ಹೊಲಿಗೆ ನೋಡುತ್ತಾರೆ, ತಾಯಿ ಮಗು ಇಬ್ಬರ ಜ್ವರ ಅಳೆಯುತ್ತಾರೆ, ಮೊಲೆಹಾಲು ಕುಡಿಸಲು ಕಲಿಸುತ್ತಾರೆ, ಬಚ್ಚಲು ತೊಳೆಯುತ್ತಾರೆ, ಬಂದವರಿಗೆ ಚಹಾ ಕೂಡ ಕೊಡುತ್ತಾರೆ. ಬಿಸಿನೀರು ತುಂಬಿದ ಲೋಹದ ಸೀಸೆಗೆ ಬಟ್ಟೆಯ ಚೀಲ ತೊಡಿಸಿ ಮಗುವಿನ ತೊಟ್ಟಿಲನ್ನು ಬೆಚ್ಚಗಿಡುವುದು ಅವರ ಹಳೆಯ ರೂಢಿ. ನಮ್ಮ ಬಾಣಂತಿ ಕೋಣೆಯ ಅಗ್ಗಿಷ್ಟಿಕೆ ನೆನಪಾಗುವುದಿಲ್ಲವೇ? ಮಗು ನೋಡಲು ಬಂದವರಿಗೆ ರಸ್ಕಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಲೇಪಿಸಿದ ಸೋಂಪಿನ ಕಾಳು ಉದುರಿಸಿ ಕೊಡುತ್ತಾರೆ. ಸೋಂಪು ಹಾಲು ಹೆಚ್ಚಿಸುತ್ತದೆಂಬ ನಂಬಿಕೆ ಅವರದ್ದೂ ಹೌದು. ಇದನ್ನು ಅಮ್ಮನಿಗೆ ತಪ್ಪದೆ ಹೇಳಿ. ಅರ್ಧ ಅಳು ಅಲ್ಲೇ ನಿಲ್ಲುತ್ತದೆ. ಶುಶ್ರೂಷಕಿಯನ್ನು ಮೊದಲೇ ಕಾದಿರಿಸಬೇಕು. ನೀವಿನ್ನೂ ಮಾಡಿಲ್ಲವಾದರೆ ತಡವಾಗುತ್ತಿದೆ.

ಅಮ್ಮ ಬಂದರೆ ಎಲ್ಲವೂ ಸರಾಗವಾಗುತ್ತದೆ ಎಂದೂ ತಿಳಿಯಬೇಡಿ. ನನ್ನ ಮೊದಲ ಬಾಣಂತನ ತೀರ್ಥಹಳ್ಳಿ ಸೀಮೆಯ ತವರಿನಲ್ಲಿ ನಡೆಯಿತು. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಅಮ್ಮ ದಿನಕ್ಕೆ ಎರಡೇ ಲೋಟ ಕಾದಾರಿದ ನೀರು ಕೊಡುತ್ತಿದ್ದರು. ಹತ್ತನೆಯ ದಿನಕ್ಕೆ ಉರಿಮೂತ್ರ, ಚಳಿಜ್ವರ. ಅದೇ ಅಮ್ಮ ಬೆಳಗಿನ ಜಾವ ಹಂಡೆಯ ನೀರನ್ನು ತಂಬಿಗೆಯಿಂದ ನನ್ನ ಸೊಂಟಕ್ಕೆ ಎರೆಯುವಾಗ, ಕಾರಣವೇ ಇಲ್ಲದೆ ಅತ್ತುಬಿಡುತ್ತಿದ್ದೆ. ಅವರು ಏನೂ ಕೇಳದೆ ಇನ್ನೊಂದು ತಂಬಿಗೆ ಎರೆಯುತ್ತಿದ್ದರು. ಎಣ್ಣೆ, ಬಿಸಿನೀರು, ಮೆಣಸಿನ ಸಾರು, ಅಂಟಿನುಂಡೆ, ಸಬ್ಬಸಿಗೆ ಸೊಪ್ಪಿನ ಪಲ್ಯ ಎಲ್ಲವೂ ಇರಲಿ. ನೀರು ಕಟ್ಟುವುದು ಬೇಡ, ಎಳೆಯ ಶ್ವಾಸಕ್ಕೆ ಸಾಂಬ್ರಾಣಿ ಹೊಗೆ ಬೇಡ, ಒಂದು ವರ್ಷ ತುಂಬುವವರೆಗೆ ಮಗುವಿನ ಬಾಯಿಗೆ ಜೇನು ಬೇಡವೇ ಬೇಡ. ಇದನ್ನು ಅಮ್ಮ ವಿಮಾನ ಹತ್ತುವ ಮೊದಲೇ ಮಾತಾಡಿ ಮುಗಿಸಿ. ಹಸಿ ಬಾಣಂತಿಗೆ ವಾದ ಮಾಡುವ ತ್ರಾಣವಿರುವುದಿಲ್ಲ.

ಊರಿಗೆ ಹೋಗುವುದು ತಪ್ಪೇನಲ್ಲ. ಆದರೆ ಗಂಡನಿಗೆ ನೆದರ್ಲೆಂಡ್ಸ್‌ನಲ್ಲಿ ಒಂದು ವಾರ ಪೂರ್ಣ ಸಂಬಳದ ರಜೆಯಿದೆ, ಆಮೇಲೆ ಆರು ತಿಂಗಳೊಳಗೆ ಶೇ 70ರಷ್ಟು ಭತ್ಯೆಯೊಂದಿಗೆ ಇನ್ನೂ ಐದು ವಾರ. ರಾತ್ರಿ ಎರಡು ಗಂಟೆಗೆ ಮಗುವಿನ ಬಟ್ಟೆ ಬದಲಿಸಲು ಕಲಿತ ಗಂಡಸು ಆ ಮಗುವಿಗೆ ಬೇರೆಯೇ ತಂದೆಯಾಗುತ್ತಾನೆ. ನೀವು ತವರಿನಲ್ಲಿ ಹೆತ್ತರೆ, ಮಗುವಿನ ಪಾಸ್‌ಪೋರ್ಟ್, ವಾಸದ ಪರವಾನಗಿ ಕೈಸೇರುವ ತನಕ ಅವರು ಮೊಬೈಲ್ ಪರದೆಯಲ್ಲೇ ಮಗುವನ್ನು ನೋಡುತ್ತಿರಬೇಕಾದೀತು. ನೆದರ್ಲೆಂಡ್ಸ್‌ನಲ್ಲೇ ಹೆತ್ತರೆ, ಒಂದು ವರ್ಷದೊಳಗೆ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸುವುದನ್ನು ಮರೆಯಬೇಡಿ.

ಅತ್ತೆಯವರ ಆತಂಕ ಸುಳ್ಳಲ್ಲ. 12ರ ಹೊತ್ತಿಗೆ ಶಾಲೆ ಒಂದು ಶಿಫಾರಸು ಕೊಡುತ್ತದೆ. ವೃತ್ತಿ ಶಿಕ್ಷಣದ ದಾರಿಗೋ ವಿಶ್ವವಿದ್ಯಾಲಯದ ದಾರಿಗೋ ಮಗು ಹೊರಳುತ್ತದೆ. ಅದು ಬೇಗವಾಯಿತೆಂದೇ ನನಗೂ ಅನಿಸುತ್ತದೆ. ಆದರೆ ಒಂದು ದಾರಿಯಿಂದ ಇನ್ನೊಂದಕ್ಕೆ ಮುಂದೆಯೂ ದಾಟಬಹುದು. ಅಲ್ಲಿನ ಮಕ್ಕಳು 4 ತುಂಬಿದೊಡನೆ ಶಾಲೆಗೆ ಹೋಗಿ ಎರಡು ವರ್ಷ ಮುಖ್ಯವಾಗಿ ಆಟದಲ್ಲೇ ಕಲಿಯುತ್ತಾರೆ. ಓದು ಬರಹದ ಪಾಠ ಕ್ರಮವಾಗಿ ಆರಂಭವಾಗುವುದು ಆರರ ಸುಮಾರಿಗೆ. ಬೆಂಗಳೂರಿನಲ್ಲಿ ಮೂರೂವರೆಗೇ ಪೆನ್ಸಿಲ್ ಹಿಡಿಸಿ ಗೆರೆಯೊಳಗೆ ಬರೆ ಎಂದು ಗದರಿಸಿಕೊಳ್ಳುವ ಮಕ್ಕಳನ್ನು ಕಂಡ ನನಗೆ, ಆ ಎರಡು ವರ್ಷ ಆಸ್ತಿಯಂತೆ ಕಾಣುತ್ತದೆ. ಮನೆಯಲ್ಲಿ ನೀವಿಬ್ಬರೂ ಕನ್ನಡವನ್ನೇ ಆಡಿ. ಹರಕು ಡಚ್ಚಿನಲ್ಲಿ ಮುದ್ದು ಮಾಡಬೇಡಿ. ಡಚ್ ಭಾಷೆಯನ್ನು ಅಂಗಳ, ಶಾಲೆ ಕಲಿಸುತ್ತವೆ. ಆ 12ನೇ ವರ್ಷದ ತೀರ್ಮಾನಕ್ಕೆ ಇನ್ನೂ ಬಹಳ ಕಾಲವಿದೆ. ಅಷ್ಟರಲ್ಲಿ ನೀವು ಎಲ್ಲಿರುತ್ತೀರೋ, ಆ ಮಗುವಿನ ಒಲವು ಯಾವ ಕಡೆಗೋ ಅತ್ತೆಯವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಸದ್ಯಕ್ಕೆ ಅಮ್ಮನಿಗೆ ಫೋನ್ ಮಾಡಿ. ಪಾಸ್‌ಪೋರ್ಟ್ ಬೀರುವಿನಲ್ಲಿ ಎಲ್ಲಿದೆ, ಅದರ ಅವಧಿ ಯಾವಾಗ ಮುಗಿಯುತ್ತದೆ ನೋಡಲು ಹೇಳಿ. ಉಂಡೆಗೆ ಬೇಕಾದ ಅಂಟನ್ನು ಊರಿನಿಂದಲೇ ತರಲಿ.