ಮಗ ಬರೀ ಏರುತ್ತಾನೆ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು: ಆಟಿಸಂ (ಹುಟ್ಟಿನಿಂದಲೇ ಮೆದುಳು ಬೇರೆ ರೀತಿ ಕೆಲಸ ಮಾಡುವ ಸ್ಥಿತಿ) ಇರುವ ಮಕ್ಕಳು, ಅವರ ಏರುವ ಹುಚ್ಚು. ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಕಲಬುರಗಿಯಲ್ಲಿ ಇಂಥದೇ ಒಬ್ಬ ಮಗನನ್ನು ಬೆಳೆಸಿದ ತಾಯಿ. ಅವನಿಗೀಗ 19 ವರ್ಷ.

ಪ್ರಶ್ನೆ: ಮಗನಿಗೆ ಆರು ವರ್ಷ, ಮಾತು ಬಂದಿಲ್ಲ. ಕಿಟಕಿ ಗ್ರಿಲ್, ಬೀರು, ಗೇಟು, ಏನು ಕಂಡರೂ ಏರುತ್ತಾನೆ. ಮೊನ್ನೆ ಮಾಳಿಗೆ ಮೇಲಿನ ನೀರಿನ ಟ್ಯಾಂಕ್ ಮೇಲೆ ಕೂತಿದ್ದ. ಇಳಿಸಿ ಹೊಡೆದೆ, ಆಮೇಲೆ ನಾನೇ ಕೂತು ಅತ್ತೆ. ಮರುದಿನ ಮತ್ತೆ ಅಲ್ಲೇ. ಅವನಿಗೆ ಭಯವೇ ಇಲ್ಲವೇ? – ಒಬ್ಬ ತಾಯಿ, ಶಹಾಬಾದ್

ಅಕ್ಕ, ಮೊದಲು ಇವತ್ತೇ ಆಗಬೇಕಾದ ಕೆಲಸ. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿ. ಮಾಳಿಗೆ ಬಾಗಿಲಿಗೆ ನಿಮ್ಮ ಕೈಗೆ ಸಿಗುವ, ಅವನ ಕೈಗೆ ಸಿಗದ ಎತ್ತರದಲ್ಲಿ ಚಿಲಕ ಬೇಕು. ಕಬ್ಬಿಣದ ಬೀರು ಮತ್ತು ಟಿವಿ ಸ್ಟ್ಯಾಂಡನ್ನು ಗೋಡೆಗೆ ಕ್ಲಾಂಪ್ ಹೊಡೆಸಿ ಬಿಗಿ ಮಾಡಿಸಿ. ಮಗು ಬೀಳುವುದಷ್ಟೇ ಅಲ್ಲ, ಬೀರು ಮಗುವಿನ ಮೇಲೆ ಬೀಳುವುದೂ ದೊಡ್ಡ ಅಪಾಯ. ಮಂಚವನ್ನು ಕಿಟಕಿಯಿಂದ ದೂರ ಸರಿಸಿ. ಮಾಳಿಗೆ ಪಕ್ಕದಲ್ಲೇ ಕರೆಂಟ್ ತಂತಿ ಹೋಗಿದ್ದರೆ ಇಂದೇ ಲೈನ್‌ಮನ್‌ಗೆ ಹೇಳಿ.

ಇನ್ನು ಭಯದ ಮಾತು. ಭಯ ಇಲ್ಲ ಅಂತಲ್ಲ, ಎತ್ತರ ಎಷ್ಟು, ಬಿದ್ದರೆ ಏನಾಗುತ್ತದೆ ಅನ್ನುವ ಲೆಕ್ಕ ಅವನಿಗೆ ನಮ್ಮ ಹಾಗೆ ಸಿಗುತ್ತಿರಲಿಕ್ಕಿಲ್ಲ. ನಮ್ಮ ಕಿವಿಯ ಒಳಗೆ ತೋಲ ಕಾಯುವ ಒಂದು ಅಂಗ ಇದೆ. ಕೀಲು, ಸ್ನಾಯುಗಳಿಂದಲೂ ಮೆದುಳಿಗೆ ಸದಾ ಸುದ್ದಿ ಹೋಗುತ್ತಿರುತ್ತದೆ: ಕೈ ಎಲ್ಲಿದೆ, ಕಾಲು ಎಷ್ಟು ಒತ್ತುತ್ತಿದೆ ಅಂತ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಈ ಸುದ್ದಿ ಸಾಕಾಗುವುದಿಲ್ಲ, ಇನ್ನೂ ಬೇಕು ಅನ್ನಿಸುತ್ತದೆ. ಏರುವಾಗ ತೋಳು ಎಳೆಯುತ್ತದೆ, ಕಾಲು ಒತ್ತುತ್ತದೆ, ಮೈಯೆಲ್ಲ ದುಡಿಯುತ್ತದೆ, ಅದರಿಂದ ಅವರಿಗೆ ಸಮಾಧಾನ. ಹಸಿವಾದವನಿಗೆ ಹೊಡೆದರೆ ಹಸಿವು ಹೋಗುತ್ತದೆಯೇ? ಇದೂ ಹಾಗೇ.

ಆದರೆ ಏರುವುದೆಲ್ಲ ಒಂದೇ ಕಾರಣಕ್ಕಲ್ಲ. ಇದನ್ನು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು. ನನ್ನ ಮಗ ಬೆಳಗ್ಗೆ ಕಿಟಕಿ ಏರುತ್ತಿದ್ದ, ಸಂಜೆ ಗೇಟು ಏರುತ್ತಿದ್ದ, ನನ್ನ ಕಣ್ಣಿಗೆ ಎರಡೂ ಒಂದೇ ಕಿತಾಪತಿ. ಆಮೇಲೆ ಒಬ್ಬ ಥೆರಪಿಸ್ಟ್ ಮಾತು ಕೇಳಿ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದೆ: ಎಷ್ಟು ಹೊತ್ತಿಗೆ ಏರಿದ, ಅದಕ್ಕೆ ಮೊದಲು ಏನಾಯಿತು. ಆಗ ಗೊತ್ತಾಯಿತು, ಬೆಳಗ್ಗೆ ಅವನು ಏರುತ್ತಿದ್ದದ್ದು ಕುಕ್ಕರ್ ಸೀಟಿಗೆ ಹೆದರಿ. ಅದು ಓಡಿಹೋಗುವುದು, ಏರುವುದಲ್ಲ. ಅವನು ಏಳುವ ಮೊದಲೇ ಕುಕ್ಕರ್ ಇಳಿಸತೊಡಗಿದೆ, ಬೆಳಗಿನ ಕಿಟಕಿ ನಿಂತೇ ಹೋಯಿತು. ನೀವೂ ಬರೆದು ನೋಡಿ.

ಸಂಜೆಯದು ಮೈಯ ಆಸೆ, ಅದಕ್ಕೆ ಬೇರೆ ದಾರಿ. ನಿಮ್ಮ ಮಗನಿಗೆ ಏರಲು ಒಂದು ಜಾಗ ಕೊಡಿ, ನೀವೇ ಆರಿಸಿದ ಜಾಗ. ಬೇವಿನ ಗಿಡ ಇದ್ದರೆ ಗಂಟು ಹಾಕಿದ ದಪ್ಪ ಹಗ್ಗ ಕಟ್ಟಿ. ಇಲ್ಲದಿದ್ದರೆ ಬಡಗಿಗೆ ಹೇಳಿ ನಿಮ್ಮ ಎದೆಮಟ್ಟದ ಗಟ್ಟಿ ಕಟ್ಟಿಗೆಯ ನಿಚ್ಚಣಿಕೆ ಮಾಡಿಸಿ ಗೋಡೆಗೆ ಬಿಗಿಸಿ. ಕಬ್ಬಿಣ ಬೇಡ. ನಮ್ಮ ಏಪ್ರಿಲ್, ಮೇ ಬಿಸಿಲು ನಿಮಗೆ ಗೊತ್ತಲ್ಲ, ಕೈ ಸುಡುತ್ತದೆ, ಮತ್ತೆ ಕೆಲವು ಮಕ್ಕಳು ಸುಟ್ಟರೂ ಕೈ ಬಿಡುವುದಿಲ್ಲ. ಕೆಳಗೆ ಫರಸಿ ಇದ್ದರೆ ಹಳೆ ಹತ್ತಿ ಗಾದಿ ಎರಡು ಹಾಸಿ. ಏರಲು ಬಿಡುವ ಜಾಗಕ್ಕೆ ಹಸಿರು ಪಟ್ಟಿ, ಬಿಡದ ಜಾಗಕ್ಕೆ ಕೆಂಪು ಪಟ್ಟಿ ಅಂಟಿಸಿ. ಗೇಟಿನ ಹತ್ತಿರ ಹೋದ ಕೂಡಲೇ ಕೈ ಹಿಡಿದು ಹಸಿರಿಗೆ ಕರೆದುಕೊಂಡು ಹೋಗಿ. ದಿನಕ್ಕೆ ಇಪ್ಪತ್ತು ಸಲ ಆದರೂ ಇಪ್ಪತ್ತು ಸಲವೂ ಹಾಗೇ ಮಾಡಿ.

"ಬೇಡ, ಬೇಡ" ಅಂದರೆ ಏನು ಮಾಡಬೇಕು ಅನ್ನುವುದು ಅವನಿಗೆ ತಿಳಿಯುವುದಿಲ್ಲ. "ಕಾಲು ನೆಲಕ್ಕೆ" ಅನ್ನಿ. ಮನೆಯವರೆಲ್ಲ ಇದೇ ಎರಡು ಮಾತು ಹೇಳಲಿ. ಏರುವುದು ಅವನಿಗೆ ತಾನಾಗೇ ಬಂದಿದೆ, ಇಳಿಯುವುದನ್ನು ನಾವು ಕಲಿಸಬೇಕು: ಹಿಂದಕ್ಕೆ ತಿರುಗು, ಕೈ ಹಿಡಿ, ಒಂದು ಕಾಲು ಕೆಳಗೆ. ಎತ್ತರದಲ್ಲಿ ಕಂಡಾಗ ಚೀರಬೇಡಿ, ಓಡಬೇಡಿ. ಓಡಿದರೆ ಆಟ ಅಂದುಕೊಂಡು ಇನ್ನೂ ಮೇಲೆ ಹೋಗುತ್ತಾನೆ. ಮೆಲ್ಲಗೆ ಅವನ ಕೆಳಗೆ ಹೋಗಿ ನಿಂತು ಮಾತಾಡಿಸಿ.

ಊಟಕ್ಕೆ ಮೊದಲು ಹತ್ತು ನಿಮಿಷ ಏರಿಸಿ ನೋಡಿ. ಏರುವುದರ ಜೊತೆ ಮೈ ದುಡಿಸುವ ಬೇರೆ ಕೆಲಸವೂ ಬೇಕು. ನನ್ನ ಮಗನಿಂದ ಎರಡು ಕಿಲೋ ತೊಗರಿಯ ಚೀಲ ಹೊರಿಸುತ್ತಿದ್ದೆ, ಅಡುಗೆಮನೆಯಿಂದ ಪಡಸಾಲೆಗೆ, ಅಲ್ಲಿಂದ ಮತ್ತೆ ವಾಪಸ್. ಮಗುವಿನ ತೂಕದ ಹತ್ತನೇ ಒಂದು ಪಾಲು ಮೀರದಿದ್ದರೆ ಸಾಕು, ಸ್ಕೂಲ್ ಬ್ಯಾಗಿಗೂ ಅದೇ ಲೆಕ್ಕ ಹೇಳುತ್ತಾರೆ. ಜೋಳದ ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು ಇನ್ನೂ ಒಳ್ಳೆಯದು. ಇವತ್ತಿಗೂ ನಮ್ಮ ಮನೆಯಲ್ಲಿ ಹಿಟ್ಟು ನಾದುವವನು ಅವನೇ.

ಒಂದು ಮಾತು ಮರೆಯಬೇಡಿ. ಬಿದ್ದಾಗ ಅಳಲಿಲ್ಲ ಅಂದರೆ ಪೆಟ್ಟಾಗಿಲ್ಲ ಅಂತ ನಂಬಬೇಡಿ. ಎಂಟನೇ ವಯಸ್ಸಿನಲ್ಲಿ ನನ್ನ ಮಗ ಕಟ್ಟೆಯಿಂದ ಬಿದ್ದು ಎದ್ದು ಆಡಲು ಹೋದ. ಎರಡು ದಿನ ಬಿಟ್ಟು ಮಣಿಕಟ್ಟು ಊದಿತು, ಎಕ್ಸ್‌ರೇ ತೆಗೆದರೆ ಎಲುಬು ಮುರಿದಿತ್ತು. ಅಂದಿನಿಂದ ಬಿದ್ದಾಗಲೆಲ್ಲ ತಲೆಯಿಂದ ಕಾಲಿನವರೆಗೆ ನಾನೇ ಮುಟ್ಟಿ ನೋಡುತ್ತೇನೆ.

ಪ್ರಶ್ನೆ: ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮೊಮ್ಮಗಳು ಬಿದ್ದು ಸಾಯುತ್ತಾಳೆ ಅಂತ ನಮ್ಮ ಅತ್ತೆ ಮಗಳ ಕಾಲನ್ನು ಸೀರೆಯಿಂದ ಮಂಚಕ್ಕೆ ಕಟ್ಟುತ್ತಾರೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದಾರೆ. ಏನು ಹೇಳಲಿ? – ಹೆಸರು ಬೇಡ, ಹುಮನಾಬಾದ್

ಅತ್ತೆಯನ್ನು ಬೈಯಬೇಡಿ. ಆ ವಯಸ್ಸಿನಲ್ಲಿ ಏರುವ ಮಗುವಿನ ಹಿಂದೆ ಓಡಲು ಆಗುತ್ತದೆಯೇ? ಹೆದರಿ ಕಟ್ಟಿದ್ದಾರೆ. ಆದರೆ ಆ ಸೀರೆ ಇವತ್ತೇ ಬಿಚ್ಚಬೇಕು. ಕಟ್ಟಿದ ಮಗು ಬಿದ್ದರೆ, ಬೆಂಕಿ ಹತ್ತಿದರೆ, ಬಟ್ಟೆ ಕುತ್ತಿಗೆಗೆ ಸುತ್ತಿಕೊಂಡರೆ ತಪ್ಪಿಸಿಕೊಳ್ಳಲಾರದು, ಕೂಗಿ ಹೇಳಲೂ ಆಗದು. ಮೈಯ ಆಸೆಯೂ ಅಲ್ಲಿಗೆ ಮುಗಿಯುವುದಿಲ್ಲ, ಬಿಚ್ಚಿದ ಕೂಡಲೇ ದುಪ್ಪಟ್ಟು ಏರುತ್ತಾಳೆ.

ಬದಲಿಗೆ ಅತ್ತೆಗೆ ಒಂದು ಕೋಣೆ ಸಿದ್ಧ ಮಾಡಿ ಕೊಡಿ. ಏರಬಾರದ್ದು ಏನೂ ಇಲ್ಲದ, ನೆಲಕ್ಕೆ ಗಾದಿ ಹಾಸಿದ, ಅಜ್ಜಿ ಕೂತೇ ನೋಡಿಕೊಳ್ಳಬಹುದಾದ ಕೋಣೆ. ದಿನಕ್ಕೆ ಎರಡು ತಾಸಾದರೂ ಸಹಾಯಕ್ಕೆ ಯಾರನ್ನಾದರೂ ಇಡಿ. ತಾಯತ ಇರಲಿ, ಆದರೆ ಕುತ್ತಿಗೆಯ ದಾರ ಬೇಡ, ಏರುವ ಮಗುವಿಗೆ ಅದು ಉರುಳು. ಗಾಳಿಯಂತೂ ಅಲ್ಲ, ಇದು ಹುಟ್ಟಿನಿಂದ ಬಂದ ಮೆದುಳಿನ ರೀತಿ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಕೇಂದ್ರ ಎಲ್ಲಿ ಅಂತ ಕೇಳಿ, ಬೆಳವಣಿಗೆಯ ತೊಂದರೆ ಇರುವ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಿ ನೆರವಾಗಲು ಸರ್ಕಾರ ಮಾಡಿದ್ದು ಅದು. ನಿಮಗೆ ಸಿಕಂದರಾಬಾದ್ ಹತ್ತಿರವೇ, ಅಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗಾಗಿ ಕೇಂದ್ರ ಸರ್ಕಾರದ ಎನ್‌ಐಇಪಿಐಡಿ ಸಂಸ್ಥೆ ಇದೆ. ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ. ನೀವು ಹೇಳಿದರೆ ಕೇಳದವರು ಅಲ್ಲಿಯವರು ಹೇಳಿದರೆ ಕೇಳಬಹುದು.

ಪ್ರಶ್ನೆ: ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವುದು ನಮ್ಮ ರೂಢಿ. ಮಗ ರಾತ್ರಿ ಎದ್ದು ಓಡಾಡುತ್ತಾನೆ. ಮಲಗಬಹುದೇ? – ಯಾದಗಿರಿ

ಸುತ್ತಲೂ ಎತ್ತರದ ಗೋಡೆ ಇಲ್ಲದ ಮಾಳಿಗೆಯಲ್ಲಿ ಬೇಡ, ಒಂದು ರಾತ್ರಿಯೂ ಬೇಡ. ಗೋಡೆ ಇದ್ದರೂ ಅದರ ಪಕ್ಕ ಕೊಡ, ಕುರ್ಚಿ, ಇಟ್ಟಿಗೆ ಏನೂ ಇರಬಾರದು, ಅವೇ ಮೆಟ್ಟಿಲಾಗುತ್ತವೆ. ಅಂಗಳದಲ್ಲಿ ಮಲಗಿ, ಗೇಟಿಗೆ ಬೀಗ ಹಾಕಿ ಒಂದು ಗೆಜ್ಜೆ ಕಟ್ಟಿ, ಅಲುಗಿದರೆ ಎಚ್ಚರವಾಗುತ್ತದೆ. ಇಂಥ ಮಕ್ಕಳು ಮನೆಯಿಂದ ಹೊರಟರೆ ಎಷ್ಟೋ ಸಲ ನೀರಿನ ಕಡೆಗೇ ಹೋಗುತ್ತಾರೆ. ಆಸುಪಾಸಿನ ಬಾವಿ, ಕೆರೆ ಯಾವುದು ಅಂತ ಈಗಲೇ ತಿಳಿದಿಟ್ಟುಕೊಳ್ಳಿ. ಮಗು ಕಾಣದಿದ್ದರೆ ಮೊದಲು ಅಲ್ಲಿಗೇ ಓಡಿ, ಓಣಿ ಹುಡುಕುವುದು ಆಮೇಲೆ. ಅಂಗಿಯ ಒಳಗೆ ನಿಮ್ಮ ಫೋನ್ ನಂಬರ್ ಹೊಲಿಯಿರಿ.

ಪ್ರಶ್ನೆ: ಬೆಂಚು ಏರುತ್ತಾನೆ ಅಂತ ಶಾಲೆಯವರು ಟಿಸಿ ತೆಗೆದುಕೊಳ್ಳಿ ಅನ್ನುತ್ತಿದ್ದಾರೆ. – ಕಲಬುರಗಿ

ನನಗೂ ಒಂದು ಶಾಲೆ ಹೀಗೇ ಹೇಳಿತ್ತು, ಆಗ ಸುಮ್ನೆ ಬಂದುಬಿಟ್ಟೆ. ನೀವು ಹಾಗೆ ಮಾಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಸರ್ಕಾರದ ಮಾನ್ಯತೆ ಇರುವ ಶಾಲೆ ಭೇದ ಮಾಡದೆ ಸೇರಿಸಿಕೊಳ್ಳಬೇಕು, ಮಗುವಿಗೆ ಬೇಕಾದ ಅನುಕೂಲವನ್ನೂ ಮಾಡಿಕೊಡಬೇಕು. ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಮೊದಲು ಅದಕ್ಕೆ ಅರ್ಜಿ ಹಾಕಿ. ಟಿಸಿ ಮಾತನ್ನು ಬರಹದಲ್ಲಿ ಕೊಡಿ ಅಂತ ಕೇಳಿ. ಜೊತೆಗೆ ನೀವೂ ಒಂದು ಪತ್ರ ಕೊಡಿ: ಪ್ರತಿ ಎರಡು ಪೀರಿಯಡ್ಡಿಗೆ ಐದು ನಿಮಿಷ ಮೈದಾನದಲ್ಲಿ ಓಡಲು ಬಿಡಿ, ಪುಸ್ತಕದ ಕಟ್ಟು ಹೊರುವ ಕೆಲಸ ಕೊಡಿ, ಗೋಡೆ ಪಕ್ಕದ ಬೆಂಚಲ್ಲಿ ಕೂರಿಸಿ. ಅದರ ಪ್ರತಿಯ ಮೇಲೆ ಸಹಿ, ತಾರೀಖು ಹಾಕಿಸಿಕೊಳ್ಳಿ. ಅವರು ಒಪ್ಪದಿದ್ದರೆ ಆ ಪ್ರತಿ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಒಬ್ಬರೇ ಹೋಗಲು ಅಳುಕಾದರೆ ನನಗೆ ಬರೆಯಿರಿ, ನಾನೂ ಬರುತ್ತೇನೆ.