ಅಮೆರಿಕದ ಪೌರತ್ವ: ಲೆಕ್ಕ ತಪ್ಪುವುದು ಎಲ್ಲಿ?

ಪ್ರಶ್ನೆ: 2022ರ ಮಾರ್ಚ್ 10ರಂದು ಗ್ರೀನ್ ಕಾರ್ಡ್ ಸಿಕ್ಕಿತು. ತಾಯಿಗೆ ಹುಷಾರಿಲ್ಲದೆ 2024ರಲ್ಲಿ ಏಳು ತಿಂಗಳು ಹಾಸನದಲ್ಲಿ ಇರಬೇಕಾಯಿತು. ಪೌರತ್ವಕ್ಕೆ ಅರ್ಜಿ ಯಾವಾಗ ಹಾಕಬಹುದು?

ಉತ್ತರ: ಕಾರ್ಡಿನ ಮೇಲೆ ‘ರೆಸಿಡೆಂಟ್ ಸಿನ್ಸ್’ ಎಂದಿರುವ ದಿನದಿಂದ ಐದು ವರ್ಷ ಎಣಿಸಿ. ನಿಮ್ಮದು 2027ರ ಮಾರ್ಚ್ 10ಕ್ಕೆ ತುಂಬುತ್ತದೆ. ಅದಕ್ಕೆ 90 ದಿನ ಮೊದಲು, ಅಂದರೆ 2026ರ ಡಿಸೆಂಬರ್ 10ರಿಂದ, ಎನ್-400 ಅರ್ಜಿ ಹಾಕಲು ಅವಕಾಶವಿದೆ. ಒಂದು ದಿನ ಮುಂಚೆ ಹಾಕಿದರೂ ತಿರಸ್ಕೃತವಾಗಬಹುದು. ಎರಡು ದಿನ ತಡವಾದರೆ ನಷ್ಟವೇನಿಲ್ಲ.

ನಿಮ್ಮ ತೊಡಕು ಆ ಏಳು ತಿಂಗಳದು. ಇಲ್ಲಿ ಎರಡು ಲೆಕ್ಕಗಳಿವೆ, ಬಹಳ ಮಂದಿ ಮೊದಲನೆಯದನ್ನಷ್ಟೇ ನೋಡಿ ನಿಶ್ಚಿಂತರಾಗುತ್ತಾರೆ. ಐದು ವರ್ಷದಲ್ಲಿ ಒಟ್ಟು 30 ತಿಂಗಳು, ಅಂದರೆ 913 ದಿನ, ಅಮೆರಿಕದ ನೆಲದ ಮೇಲೆ ಇದ್ದಿರಬೇಕು. ಅದು ನಿಮಗೆ ಸುಲಭವಾಗಿ ಸಿಗುತ್ತದೆ. ಎರಡನೆಯದು ವಾಸದ ನಿರಂತರತೆ. ಒಂದೇ ಪ್ರಯಾಣ ಆರು ತಿಂಗಳು ದಾಟಿದರೆ ವಾಸ ತುಂಡಾಯಿತು ಎಂದೇ ಅಧಿಕಾರಿ ಎಣಿಸುತ್ತಾರೆ. ಇಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಆಸ್ಪತ್ರೆಯ ಕಾಗದ ನೀವು ಹೋದದ್ದೇಕೆ ಎಂದಷ್ಟೇ ಹೇಳುತ್ತದೆ. ಮನೆ ಅಮೆರಿಕದಲ್ಲೇ ಇತ್ತು ಎಂಬುದಕ್ಕೆ ಬಾಡಿಗೆ ಕರಾರು ಅಥವಾ ಗೃಹಸಾಲದ ಕಂತು, ಕೆಲಸ ಬಿಟ್ಟಿಲ್ಲವೆಂಬ ಕಂಪನಿಯ ಪತ್ರ, ಹೆಂಡತಿ ಮಕ್ಕಳು ಅಲ್ಲೇ ಉಳಿದಿದ್ದರೆ ಶಾಲೆಯ ದಾಖಲೆ, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ತೆರಿಗೆ ಟ್ರಾನ್ಸ್‌ಕ್ರಿಪ್ಟ್ ಬೇಕು. ಆ ವರ್ಷ ಅನಿವಾಸಿಯೆಂದು ತೆರಿಗೆ ತುಂಬಿದ್ದರೆ ಮಾತ್ರ ಕಷ್ಟ.

ಪುರಾವೆ ತೆಳುವೆನಿಸಿದರೆ ಮರಳಿದ ದಿನದಿಂದ ನಾಲ್ಕು ವರ್ಷ ಆರು ತಿಂಗಳು ಒಂದು ದಿನ ಕಾಯಿರಿ. ಆಗ ಹಿಂದಿನ ಐದು ವರ್ಷದೊಳಗೆ ಬೀಳುವ ಗೈರುಹಾಜರಿ ಆರು ತಿಂಗಳಿಗಿಂತ ಕಡಿಮೆಯಾಗುತ್ತದೆ. ಅರ್ಜಿ ತಿರಸ್ಕೃತವಾದರೆ ಶುಲ್ಕ (ಆನ್‌ಲೈನ್‌ನಲ್ಲಿ 710, ಕಾಗದದಲ್ಲಿ 760 ಡಾಲರ್) ವಾಪಸು ಬರುವುದಿಲ್ಲ. ಇಡೀ ವರ್ಷ ಹೊರಗಿದ್ದವರಿಗೆ ರೀ-ಎಂಟ್ರಿ ಪರ್ಮಿಟ್ ಇದ್ದರೂ ನಿರಂತರತೆ ಉಳಿಯುವುದಿಲ್ಲ. ಆ ಪರ್ಮಿಟ್ ಕಾಪಾಡುವುದು ಗ್ರೀನ್ ಕಾರ್ಡನ್ನು ಮಾತ್ರ.

ಪ್ರಶ್ನೆ: ನಮ್ಮತ್ತೆಗೆ 66 ವರ್ಷ, ಗ್ರೀನ್ ಕಾರ್ಡ್ ಬಂದು 21 ವರ್ಷ. ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ.

ಉತ್ತರ: ಧೈರ್ಯವಾಗಿ ಹಾಕಿಸಿ. 65 ದಾಟಿ, ಕಾಯಂ ನಿವಾಸಿಯಾಗಿ 20 ವರ್ಷ ಕಳೆದವರಿಗೆ ಇಂಗ್ಲಿಷ್ ಪರೀಕ್ಷೆಯಿಲ್ಲ. ಪೌರನೀತಿಯ (ಅಮೆರಿಕದ ಇತಿಹಾಸ, ಸರ್ಕಾರದ ಬಗೆಗಿನ) ಪ್ರಶ್ನೆಗಳನ್ನೂ ಅವರಿಗೆಂದೇ ಗುರುತಿಸಿದ 20ರೊಳಗಿಂದ ಕೇಳುತ್ತಾರೆ: ಹತ್ತು ಕೇಳಿ, ಆರು ಸರಿಯಾದರೆ ಸಾಕು, ಕನ್ನಡದಲ್ಲೇ ಉತ್ತರಿಸಬಹುದು. ದುಭಾಷಿಯನ್ನು ನೀವೇ ಕರೆದೊಯ್ಯಬೇಕು. ಅವರು ಉತ್ತರ ಹೇಳಿಕೊಟ್ಟರೆ ಸಂದರ್ಶನ ಅಲ್ಲಿಗೇ ಕೆಡುತ್ತದೆ. 50 ವರ್ಷವಾಗಿ 20 ವರ್ಷ, ಅಥವಾ 55 ವರ್ಷವಾಗಿ 15 ವರ್ಷ ವಾಸವಿದ್ದವರಿಗೂ ಇಂಗ್ಲಿಷ್ ವಿನಾಯಿತಿಯಿದೆ. ಆದರೆ 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರು 128 ಪ್ರಶ್ನೆಗಳನ್ನೂ ಓದಿಕೊಳ್ಳಬೇಕು; ಕೇಳುವ 20ರಲ್ಲಿ 12 ಸರಿಯಾಗಬೇಕು. ವಯಸ್ಸು, ವಾಸ ಎರಡನ್ನೂ ಅರ್ಜಿ ಹಾಕಿದ ದಿನಕ್ಕೇ ನೋಡುವುದು. ರಾಜ್ಯಪಾಲರು, ಸೆನೆಟರ್‌ಗಳ ಹೆಸರು ಚುನಾವಣೆಯಾದಂತೆ ಬದಲಾಗುತ್ತದೆ, ಹಳೆಯ ಪುಸ್ತಕ ನಂಬಬೇಡಿ.

ಪ್ರಶ್ನೆ: ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟದ್ದಕ್ಕೆ ಗ್ರೀನ್ ಕಾರ್ಡಿನಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ತಿಳಿದಿಲ್ಲ) ಎಂದು ಸೇರಿದೆ. ಸರಿಪಡಿಸಬಹುದೇ?

ಉತ್ತರ: ಇನಿಶಿಯಲ್ ಇಟ್ಟುಕೊಳ್ಳುವ ನಮ್ಮವರಿಗೆ ಇದು ಮಾಮೂಲು ಕಾಟ. ಎನ್-400ರಲ್ಲೇ ಹೆಸರು ಬದಲಾವಣೆ ಕೇಳುವ ಅಂಕಣವಿದೆ. ಆಗ ಪ್ರಮಾಣವಚನ ನ್ಯಾಯಾಲಯದಲ್ಲೇ ಆಗಬೇಕು, ಸರದಿ ಉದ್ದವಾಗಬಹುದು. ಆದರೂ ಇದೇ ಸಮಯ. ಆಮೇಲೆ ಕೋರ್ಟಿಗೆ ಬೇರೆ ಅರ್ಜಿ, ಬೇರೆ ಖರ್ಚು. ಹೆಸರು ಬದಲಾವಣೆಯ ಆದೇಶದ ಪ್ರತಿ ಜೋಪಾನ, ಪಹಣಿ, ಆಧಾರ್‌ನಲ್ಲಿ ಹಳೆಯ ಹೆಸರೇ ಇರುತ್ತದಲ್ಲ. ಪೌರತ್ವದ ಪ್ರಮಾಣಪತ್ರ ಕೈಗೆ ಬಂದೊಡನೆ ಸಭಾಂಗಣದಲ್ಲೇ ಅಕ್ಷರ ಅಕ್ಷರ ಓದಿ. ಮನೆಗೆ ಬಂದ ಮೇಲೆ ತಪ್ಪು ಕಂಡರೆ ತಿದ್ದಿದ ಪ್ರಮಾಣಪತ್ರ ಕೇಳುವ ಎನ್-565 ಅರ್ಜಿಯ ಹಿಂದೆ ಅಲೆಯಬೇಕು.

ಪ್ರಶ್ನೆ: ಪ್ರಮಾಣವಚನದ ನಂತರ ಭಾರತದ ಪಾಸ್‌ಪೋರ್ಟಿನಲ್ಲೇ ಒಮ್ಮೆ ಊರಿಗೆ ಹೋಗಿಬರಬಹುದೇ? ತಂದೆಯ ಜಮೀನಿನ ಗತಿಯೇನು?

ಉತ್ತರ: ಹೋಗಬೇಡಿ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಪ್ರಮಾಣ ಸ್ವೀಕರಿಸಿದ ದಿನವೇ ಭಾರತದ ಪೌರತ್ವ ಮುಗಿಯುತ್ತದೆ. ಆಮೇಲೆ ಆ ಪಾಸ್‌ಪೋರ್ಟ್ ಬಳಸಿದರೆ ದಂಡ ಬೀಳುತ್ತದೆ. ಮೊದಲು ಅಮೆರಿಕದ ಪಾಸ್‌ಪೋರ್ಟ್, ನಂತರ ಹಳೆಯದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್, ಕೊನೆಗೆ ಓಸಿಐ, ಅಂದರೆ ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್. ಪಿತ್ರಾರ್ಜಿತವಾಗಿ ಬಂದ ಜಮೀನು ನಿಮ್ಮದೇ. ಹೊಸದಾಗಿ ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳಲು ಓಸಿಐ ಇದ್ದವರಿಗೆ ಬರುವುದಿಲ್ಲ. ಮಾರುವುದಾದರೆ ಭಾರತದಲ್ಲೇ ವಾಸಿಸುವ ಭಾರತೀಯ ಪೌರರಿಗೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ತಮ್ಮನಿಗೆ ಮಾರಲಾಗದು.